ಬೆನಿಟೋಯಿಟ್ ಸಂಗ್ರಹ: ನಂಬಿಕೆ ಒಂದು, ನಿಜ ಇನ್ನೊಂದು

ಒಂದೇ ವಿರಳ ರತ್ನವನ್ನು ಹಿಡಿದು ಸಂಗ್ರಹ ಮಾಡುವುದೆಂದರೆ ಸಾಣೆ ಹಿಡಿದ ಹರಳುಗಳನ್ನು ಡಬ್ಬಿಯಲ್ಲಿ ಸಾಲಾಗಿ ಜೋಡಿಸುವುದು ಎಂದು ಹಲವರು ತಿಳಿದಿದ್ದಾರೆ. ಬೆನಿಟೋಯಿಟ್ ಮಟ್ಟಿಗೆ ಹೀಗೆ ಮಾಡಿದರೆ ಅದರ ಅತ್ಯುತ್ತಮ ಭಾಗವೇ ಕೈತಪ್ಪಿಹೋಗುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಬೆನಿಟೊ ಕೌಂಟಿಯ ಬೆಟ್ಟಗಳಲ್ಲಿ ಸಿಕ್ಕ ಈ ನೀಲಿ ಖನಿಜವನ್ನು ಮೊದಲು ನೀಲಮಣಿ ಎಂದೇ ಭಾವಿಸಿದ್ದರು. 1907ರಲ್ಲಿ ಬರ್ಕ್ಲಿಯ ಭೂವಿಜ್ಞಾನಿ ಜಾರ್ಜ್ ಲೌಡರ್‌ಬ್ಯಾಕ್ ಪರೀಕ್ಷಿಸಿ, ಇದು ಬೇರಿಯಂ, ಟೈಟಾನಿಯಂ ಮತ್ತು ಸಿಲಿಕೇಟ್ ಸೇರಿದ ಹೊಸ ಖನಿಜ ಎಂದು ತೋರಿಸಿದರು.

ಸಾಣೆ ಹಿಡಿಯದ ಹರಳು ಅರ್ಧ ಮುಗಿದ ಕೆಲಸ ಎಂಬುದು ಎಲ್ಲಕ್ಕಿಂತ ಆಳವಾಗಿ ಬೇರೂರಿದ ತಪ್ಪು. ಹರಳುಗಳ ಸಮಮಿತಿ 32 ವರ್ಗಗಳಲ್ಲಿ ಮಾತ್ರ ಸಾಧ್ಯ ಎಂದು ಹತ್ತೊಂಬತ್ತನೆಯ ಶತಮಾನದಲ್ಲೇ ಗಣಿತ ಲೆಕ್ಕ ಹಾಕಿತ್ತು. ಅವುಗಳಲ್ಲೊಂದು ವರ್ಗಕ್ಕೆ ನಿಸರ್ಗದಲ್ಲಿ ಒಳ್ಳೆಯ ಉದಾಹರಣೆ ಸಿಕ್ಕಿದ್ದು ಬೆನಿಟೋಯಿಟ್‌ನ ಚಪ್ಪಟೆ ತ್ರಿಕೋನ ಹರಳಿನಲ್ಲಿ. ಸಾಣೆಕಲ್ಲಿಗೆ ಕೊಟ್ಟ ಕ್ಷಣ ಆ ಸಾಕ್ಷ್ಯ ಅಳಿಸಿಹೋಗುತ್ತದೆ. ವಜ್ರದಷ್ಟೇ ಬೆಳಕನ್ನು ಬಣ್ಣಬಣ್ಣವಾಗಿ ಒಡೆಯುವ ಸಾಣೆ ಹಿಡಿದ ಕಲ್ಲೂ ಬೇಕು, ನಿಜ. ಆದರೆ ಅಂಥವು ಬಹುಪಾಲು ಒಂದು ಕ್ಯಾರೆಟ್‌ಗಿಂತ ಕಡಿಮೆ ತೂಕದವು. ನನ್ನ ಮಟ್ಟಿಗೆ ಸಂಗ್ರಹದ ಎದೆಯಲ್ಲಿ ಇರಬೇಕಾದದ್ದು ಮುರಿಯದ ತ್ರಿಕೋನ ಹರಳೊಂದು, ಅದೂ ತಾನು ಹುಟ್ಟಿದ ಕಲ್ಲಿನ ಮೇಲೆಯೇ.

ಆಸಿಡ್ ತಾಗಿದ ಮಾದರಿ ಎಂದರೆ ಮೋಸದ ಮಾಲು ಎಂದು ಹಿಂಜರಿಯುವವರೂ ಇದ್ದಾರೆ. ಗಣಿಯಲ್ಲಿ ಈ ಹರಳುಗಳು ನ್ಯಾಟ್ರೊಲೈಟ್ ಎಂಬ ಬಿಳಿ ಖನಿಜದೊಳಗೆ ಪೂರ್ತಿ ಹುದುಗಿರುತ್ತವೆ. ಉಳಿಯಿಂದ ಬಿಡಿಸಹೋದರೆ ಹರಳೇ ಒಡೆಯುತ್ತದೆ. ಹೈಡ್ರೊಕ್ಲೋರಿಕ್ ಆಸಿಡ್ ನ್ಯಾಟ್ರೊಲೈಟನ್ನು ಕರಗಿಸುತ್ತದೆ, ಬೆನಿಟೋಯಿಟನ್ನು ಮುಟ್ಟುವುದಿಲ್ಲ. ಸಂಗ್ರಹಾಲಯಗಳಲ್ಲಿ ಬಿಳಿಯ ಮೇಲೆ ನೀಲಿಯಾಗಿ ಎದ್ದು ಕಾಣುವ ಮಾದರಿಗಳು ಸಾಮಾನ್ಯವಾಗಿ ಹೀಗೇ ಹೊರಬಂದವು. ಕೇಳಬೇಕಾದ ಪ್ರಶ್ನೆ ಬೇರೆ: ಹರಳನ್ನು ಅಂಟು ಹಾಕಿ ಕೂರಿಸಿದ್ದಾರೆಯೇ? ಹಾಗಿದ್ದರೆ ಮಾರುವವರು ಅದನ್ನು ಬಾಯಿಬಿಟ್ಟು ಹೇಳಲೇಬೇಕು. ಅದೇ ಕಲ್ಲಿನಲ್ಲಿ ಹೊಳೆಯುವ ಕಪ್ಪು ನೆಪ್ಚೂನೈಟ್, ಜೇನುಬಣ್ಣದ ಪುಟ್ಟ ಹೊಆಕಿನೈಟ್ ಖನಿಜಗಳಿದ್ದರೆ ಕಸವೆಂದು ಕೀಳಿಸಬೇಡಿ. ಅವು ಒಟ್ಟಿಗೆ ಬೆಳೆದ ಒಡನಾಡಿಗಳು. ಈ ತಾಣದ ಗುರುತೂ ಅವೇ.

ಅತಿನೇರಳೆ ಟಾರ್ಚ್ ಬಿಟ್ಟರೆ ಅಸಲಿ ಯಾವುದೆಂದು ತಿಳಿಯುತ್ತದೆ ಎನ್ನುವುದು ಅರ್ಧಸತ್ಯ. ನೋಟು ಪರೀಕ್ಷಿಸುವ ಅಗ್ಗದ ಟಾರ್ಚ್ ಹೊರಡಿಸುವುದು ದೀರ್ಘ ತರಂಗದ ಬೆಳಕು. ಅದಕ್ಕೆ ನೀಲಿ ಬೆನಿಟೋಯಿಟ್ ಸಾಮಾನ್ಯವಾಗಿ ಸ್ಪಂದಿಸುವುದಿಲ್ಲ. ಸುಮಾರು 254 ನ್ಯಾನೊಮೀಟರ್‌ನ ಹ್ರಸ್ವ ತರಂಗದ ದೀಪದಡಿ ಮಾತ್ರ ಅದು ಪ್ರಖರ ನೀಲಿಯಾಗಿ ಬೆಳಗುತ್ತದೆ. ಆ ದೀಪ ಕಣ್ಣಿಗೆ ಹಾನಿಕರ, ರಕ್ಷಣಾ ಕನ್ನಡಕ ಬೇಕೇ ಬೇಕು. ಹರಳನ್ನು ತಿರುಗಿಸಿ ನೋಡುವುದೂ ಒಳ್ಳೆಯ ಪರೀಕ್ಷೆ: ಒಂದು ದಿಕ್ಕಿನಿಂದ ನೀಲಿ, ಇನ್ನೊಂದು ದಿಕ್ಕಿನಿಂದ ಬಣ್ಣವೇ ಇಲ್ಲ. ಉಂಗುರಕ್ಕೆ ನೀಲಮಣಿಯ ಬದಲು ಇದನ್ನು ಹಾಕಿಸುವ ಯೋಚನೆ ಬೇಡ. ನೀಲಮಣಿಯ ಗಡಸುತನ 9, ಇದರದು 6ರಿಂದ 6.5.

ವಿರಳವಾದದ್ದು ಎಂದೆಂದೂ ವಿರಳವೇ, ಆದ್ದರಿಂದ ಬೆಲೆ ಏರುತ್ತಲೇ ಇರುತ್ತದೆ ಎಂದು ನಂಬಿ ಹಣ ಹೂಡುವವರು ಮ್ಯಾನ್ಮಾರ್‌ನ ಪೈನೈಟ್ ಕಥೆ ಕೇಳಬೇಕು. ಐವತ್ತರ ದಶಕದಲ್ಲಿ ಸಿಕ್ಕ ಈ ಖನಿಜದ ಬೆರಳೆಣಿಕೆಯ ಹರಳುಗಳಷ್ಟೇ ದಶಕಗಳ ಕಾಲ ಗೊತ್ತಿದ್ದವು. 2000ದ ನಂತರ ಹೊಸ ನಿಕ್ಷೇಪಗಳು ಪತ್ತೆಯಾಗಿ ಸಾವಿರಾರು ತುಣುಕುಗಳು ಹೊರಬಂದವು.

ಕೊನೆಯದಾಗಿ, ಮಾದರಿಯ ಜೊತೆಗಿಡುವ ಚೀಟಿಯ ಮಾತು. ಒಂದೇ ಗಣಿಯ ಖನಿಜಕ್ಕೆ ಸ್ಥಳ ಬರೆದಿಡುವುದೇಕೆ ಎಂಬ ಉದಾಸೀನ ಬಹಳ ನಷ್ಟ ಮಾಡಿದೆ. ರತ್ನದ ಗುಣಮಟ್ಟದ ಹರಳು ಹೆಚ್ಚುಕಡಿಮೆ ಒಂದೇ ಗಣಿಯದಾದರೂ, ಅದೇ ಕೌಂಟಿಯಲ್ಲಿ ಬೇರೆ ಸಣ್ಣ ತಾಣಗಳಿವೆ. ಜಪಾನ್, ಅರ್ಕಾನ್ಸಾಗಳಲ್ಲೂ ಪುಟ್ಟ ಹರಳುಗಳು ಸಿಕ್ಕಿವೆ. ಹಳೆಯ ಚೀಟಿ ಎಷ್ಟೇ ಹರಿದಿರಲಿ, ಹೊಸದರ ಜೊತೆಗೇ ಇಡಿ. ಕಲ್ಲಿನ ಅಡಿಭಾಗದಲ್ಲಿ ಸಣ್ಣದಾಗಿ ಒಂದು ಸಂಖ್ಯೆ ಬರೆದು, ಅದೇ ಸಂಖ್ಯೆಯನ್ನು ಚೀಟಿಯಲ್ಲೂ ಪುಸ್ತಕದಲ್ಲೂ ನಮೂದಿಸಿ. ಆಗ ಚೀಟಿ ಕಳೆದರೂ ಕಲ್ಲು ಎಲ್ಲಿಯದೆಂದು ಪುಸ್ತಕದಿಂದ ತಿಳಿಯಬಹುದು.