ಸಕ್ಕರೆಯಲ್ಲಿ ಮೂಡುವ ಗೋಪುರ

ಬ್ರೆಡ್ಡಿನ ಮೇಲೆ ಯೇಸುವಿನ ಮುಖ ಮೂಡಿಸುವ ಟೋಸ್ಟರ್ ಅಮೆರಿಕದಲ್ಲಿ ಮಾರಾಟವಾಗಿದೆ ಎಂದರೆ ನಮ್ಮವರು ಮೂಗಿನ ಮೇಲೆ ಬೆರಳಿಡುತ್ತಾರೆ. ಅಂಥದೇ ಸಾಧನ ನಮ್ಮ ಅಡುಗೆಮನೆಯಲ್ಲೂ ಹಿಂದಿನಿಂದ ಇದೆ. ಅದೇ ಸಕ್ಕರೆ ಅಚ್ಚು.

ದಾವಣಗೆರೆ, ಜಗಳೂರು ಸೀಮೆಯಲ್ಲಿ ಕಾರ್ತಿಕದ ಗೌರಿ ಹುಣ್ಣಿಮೆ ಬಂತೆಂದರೆ ಅಟ್ಟದ ಮೇಲಿನ ಮರದ ಅಚ್ಚುಗಳು ಕೆಳಗಿಳಿಯುತ್ತವೆ. ತೇರು, ಗೋಪುರ, ಬಸವಣ್ಣ, ಆನೆ ಎಲ್ಲವೂ ಸಕ್ಕರೆಯಲ್ಲಿ ಮೈದಳೆಯುತ್ತವೆ. ಹೆಣ್ಣುಮಕ್ಕಳು ಇವನ್ನು ತಟ್ಟೆಯಲ್ಲಿಟ್ಟು ಗೌರಮ್ಮನಿಗೆ ಬೆಳಗುತ್ತಾರೆ. ಇದೇ ಸಕ್ಕರೆ ಆರತಿ. ಹಳೆ ಮೈಸೂರಿನ ಕಡೆ ಸಕ್ಕರೆ ಅಚ್ಚು ಸಂಕ್ರಾಂತಿಯ ಎಳ್ಳು-ಬೆಲ್ಲದ ಜೊತೆಗಾರ.

ಇದರಲ್ಲಿ ವಿಜ್ಞಾನದ ಪಾಠವೂ ಉಂಟು. ಒಣ ಮರ ಪಾಕವನ್ನು ಹೀರಿ ಅಂಟಿಸಿಕೊಳ್ಳುತ್ತದೆ. ಆದ್ದರಿಂದ ಅಚ್ಚನ್ನು ಮೊದಲು ನೀರಿನಲ್ಲಿ ನೆನೆಸಿ, ಹೋಳುಗಳನ್ನು ಜೋಡಿಸಿ ದಾರದಿಂದ ಬಿಗಿಯುತ್ತಾರೆ. ಕುದಿಯುವ ಪಾಕಕ್ಕೆ ಹಾಲು ಹಾಕಿದರೆ ಕೊಳೆ ನೊರೆಯೊಂದಿಗೆ ಮೇಲೆ ಬರುತ್ತದೆ. ಆಮೇಲೆ ತಿರುವಿದಷ್ಟೂ ಹರಳು ಸಣ್ಣದಾಗಿ ಪಾಕ ಬಿಳುಪೇರುತ್ತದೆ. ಆ ಗಳಿಗೆಯಲ್ಲೇ ಹುಯ್ಯಬೇಕು. ತಡವಾದರೆ ಪಾತ್ರೆಯಲ್ಲೇ ಗಟ್ಟಿ!

ಆ ಹದ ಬಲ್ಲವರು ಮನೆಯ ಅಜ್ಜಿಯರು. ಸಿದ್ಧ ಆರತಿ ಅಂಗಡಿಯಲ್ಲೇ ಸಿಗುವಾಗ ಅಚ್ಚು ಅಟ್ಟದಲ್ಲಿ ಒಣಗಿ ಬಿರಿಯುತ್ತದೆ, ಅಜ್ಜಿಯ ಹದವೂ ಅವರೊಂದಿಗೇ ಹೋಗುತ್ತದೆ. ಬರುವ ಹುಣ್ಣಿಮೆಗೆ ಒಂದು ಅಚ್ಚನ್ನಾದರೂ ಕೆಳಗಿಳಿಸಿ. ಪಾಕ ಅಜ್ಜಿ ತೆಗೆಯಲಿ, ದಾರ ಕಟ್ಟುವ ಕೆಲಸ ಮಕ್ಕಳದಾಗಲಿ.