ತಾನಾಗಿ ಬರುವ ಅಪ್‌ಡೇಟ್: ಮನೆಯ ಕಂಪ್ಯೂಟರಿನ ಒಂದು ಉಪದ್ರವ ಮತ್ತು ಅದಕ್ಕೆ ಉಪಾಯ



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಗೊಬ್ಬರದ ದಾಸ್ತಾನು, ಸಾಲದ ಕಂತು, ಅಡಿಕೆಯ ಧಾರಣೆ ಇತ್ಯಾದಿಗಳ ಬಗ್ಗೆ. ಈ ಬಾರಿ ಕಂಪ್ಯೂಟರಿನ ವಿಷಯ ಬರೆಯುತ್ತಿದ್ದೇನೆಂದು ತಾವು ಆಶ್ಚರ್ಯಪಡಬೇಕಾಗಿಲ್ಲ. ಕೂಲಿ ಪಟ್ಟಿ, ತೋಟದ ಲೆಕ್ಕ, ಪಹಣಿ, ಬೆಳೆ ವಿಮೆ, ತೆರಿಗೆ, ಎಲ್ಲವೂ ಈಗ ಅದರ ಮೂಲಕವೇ ನಡೆಯಬೇಕು. ಹೀಗಿರುವಾಗ ದೋಟಿ, ಸ್ಪ್ರೇಯರು, ಪಲ್ಪರುಗಳಂತೆ ಅದೂ ನಮ್ಮ ಒಂದು ಉಪಕರಣವೇ ಆಗಿದೆ. ಉಪಕರಣವೆಂದ ಮೇಲೆ ಅದರ ರಿಪೇರಿ, ಕಿರಿಕಿರಿಗಳೂ ನಮ್ಮವೇ.

ಕೆಲವು ವರ್ಷಗಳ ಹಿಂದೆ ನಡೆದ ಒಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿ ಮುಂದುವರಿಯುತ್ತೇನೆ. ಅಂದು ಹವಾಮಾನ ಆಧಾರಿತ ಬೆಳೆ ವಿಮೆಗೆ ಹೆಸರು ಸೇರಿಸಲು ಕೊನೆಯ ದಿನ. ಕಚೇರಿಯಲ್ಲಿ ಮಧ್ಯಾಹ್ನದಿಂದ ಕರೆಂಟು ಇರಲಿಲ್ಲ. ಉಳಿದಿದ್ದ ಹತ್ತೊಂಬತ್ತು ಸದಸ್ಯರ ಕಾಗದಗಳನ್ನು ಮನೆಗೆ ತಂದು, ಸರ್ವೆ ನಂಬರು, ವಿಸ್ತೀರ್ಣ, ಬ್ಯಾಂಕು ಖಾತೆಗಳನ್ನೆಲ್ಲ ಪಟ್ಟಿ ಮಾಡುತ್ತ ಕುಳಿತಿದ್ದೆ. ಸಂಜೆ ಆರೂವರೆಗೆ ಕಾಫಿ ಕುಡಿಯಲು ಒಳಗೆ ಹೋದವನು ತಿರುಗಿ ಬಂದು ನೋಡುತ್ತೇನೆ, ಪಟ್ಟಿ ಮಾಯ! ಪರದೆಯ ಮೇಲೆ ಅಪ್‌ಡೇಟ್ ನಡೆಯುತ್ತಿದೆ, ಯಂತ್ರ ಆರಿಸಬೇಡಿ ಎಂಬ ಒಕ್ಕಣೆ. ಶೇಕಡಾ ಇಪ್ಪತ್ತೇಳು ಎಂದು ತೋರಿಸಿ ಅದು ಅಲ್ಲಿಯೇ ಕುಳಿತಿತ್ತು.

ಅಷ್ಟರಲ್ಲಿ ಗಾಳಿ ಮಳೆ ಬಂದು ಮನೆಯಲ್ಲೂ ಕರೆಂಟು ಹೋಯಿತು. ಬ್ಯಾಟರಿ ಹತ್ತು ನಿಮಿಷ ಎಳೆದು ಅದೂ ಕೈಬಿಟ್ಟಿತು. ಕರೆಂಟು ಬಂದದ್ದು ರಾತ್ರಿ ಒಂಬತ್ತೂ ಮುಕ್ಕಾಲಿಗೆ. ಆಗ ಯಂತ್ರವು ತಾನು ಅರ್ಧ ಮಾಡಿದ್ದನ್ನು ರದ್ದುಪಡಿಸುವ ಕೆಲಸ ಹಿಡಿಯಿತು. ಪಟ್ಟಿಯನ್ನು ನಾನು ಉಳಿಸಿಟ್ಟಿರಲಿಲ್ಲ. ಪುನಃ ಮೊದಲಿನಿಂದ ಬರೆದು ಹದಿನೆಂಟು ಹೆಸರು ಕಳಿಸುವಷ್ಟರಲ್ಲಿ ಹನ್ನೆರಡು ಹೊಡೆಯಿತು. ಹತ್ತೊಂಬತ್ತನೆಯವರ ಸರ್ವೆ ನಂಬರಿನಲ್ಲಿ ಒಂದು ತಪ್ಪಿತ್ತು, ಅದನ್ನು ಸರಿಪಡಿಸಲು ವೇಳೆ ಉಳಿಯಲಿಲ್ಲ.

ಆ ವರ್ಷ ಆಷಾಢದಲ್ಲಿ ಮಳೆ ಹೇಗೆ ಹೊಡೆಯಿತೆಂಬುದು ತಮಗೆಲ್ಲ ನೆನಪಿರಬಹುದು. ಪಕ್ಕದ ತೋಟದವರಿಗೆ ವಿಮೆಯ ಪರಿಹಾರ ಬಂತು, ಅವರಿಗೆ ಬರಲಿಲ್ಲ. ನಾನೇ ಅವರ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಎಲೆ ಅಡಿಕೆ ತಟ್ಟೆ ನನ್ನ ಕಡೆ ಸರಿಸಿ, "ಹೋಗ್ಲಿ ಬಿಡಿ ಮಾರಾಯ್ರೆ, ನೀವು ಬೇಕೂಂತ ಮಾಡಿದ್ದಲ್ಲವಲ್ಲ" ಎಂದರು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ಸಿಟ್ಟಿನ ಮದ್ದು

ಮನುಷ್ಯನಿಗೆ ತನ್ನ ತಪ್ಪಿಗಿಂತ ಯಂತ್ರದ ತಪ್ಪು ಬೇಗ ಕಾಣುತ್ತದೆ. ಮಾರನೆಯ ದಿನವೇ ಪೇಟೆಯಿಂದ ಒಬ್ಬ ಹುಡುಗನನ್ನು ಕರೆಸಿ, ಈ ಅಪ್‌ಡೇಟ್ ಎಂಬುದು ಇನ್ನು ನನ್ನ ಮನೆಯ ಮೆಟ್ಟಿಲು ಹತ್ತಬಾರದು ಎಂದು ಸಂಪೂರ್ಣ ಬಂದ್ ಮಾಡಿಸಿದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಬಹಳ ನೆಮ್ಮದಿಯಾಗಿತ್ತು.

ದೀಪಾವಳಿಗೆ ಬೆಂಗಳೂರಿನಿಂದ ಬಂದ ನನ್ನ ತಂಗಿಯ ಮಗ ಅದನ್ನು ಕಂಡುಹಿಡಿದ. "ಮಾವ, ತೋಟಕ್ಕೆ ಎರಡು ಮಳೆಗಾಲ ಬೋರ್ಡೋ ಹೊಡೆಯದೆ ಸುಮ್ಮನೆ ಕೂತಿರ್ತೀರಾ?" ಎಂದು ಕೇಳಿದ. ಅವನು ಕಂಪ್ಯೂಟರಿನ ಭಾಷೆಯಲ್ಲಿ ಹೇಳಿದ್ದರೆ ವಾದ ಮಾಡುತ್ತಿದ್ದೆ. ತೋಟದ ಭಾಷೆಯಲ್ಲಿ ಕೇಳಿದ್ದರಿಂದ ಬಾಯಿ ಮುಚ್ಚಬೇಕಾಯಿತು.

ಕೊಳೆರೋಗದ ಕಥೆ ತಮಗೆ ಗೊತ್ತಿದ್ದದ್ದೇ. ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದು ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ಸಿಂಪಡಣೆ ನಮ್ಮಲ್ಲಿ ನೆಲೆಯೂರಿದ್ದು ಆ ಕೆಲಸದಿಂದ. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು. ಮುಂಗಾರು ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಇಲ್ಲಿ ಮುಖ್ಯವಾದದ್ದು ಏನೆಂದರೆ, ಔಷಧಿ ಹೊಡೆಯುವುದು ರೋಗ ಬರುವ ಮೊದಲು. ಕಾಯಿ ಉದುರತೊಡಗಿದ ಮೇಲೆ ಹೊಡೆದರೆ ಉಳಿದದ್ದಕ್ಕೆ ಅಷ್ಟಿಷ್ಟು ಪ್ರಯೋಜನವೇ ಹೊರತು ಹೋದದ್ದು ಬಾರದು. ಅಪ್‌ಡೇಟ್ ಕೂಡ ಹೀಗೆಯೇ.

ಇದಕ್ಕೆ ದೃಷ್ಟಾಂತ 2017ರಲ್ಲಿ ಜಗತ್ತಿಗೇ ದೊರೆಯಿತು. ವಿಂಡೋಸ್ ತಂತ್ರಾಂಶದಲ್ಲಿದ್ದ ಒಂದು ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಸಂಸ್ಥೆ ಆ ವರ್ಷದ ಮಾರ್ಚ್ 14ರಂದು ಕೊಟ್ಟಿತ್ತು. ಹಾಕಿಕೊಳ್ಳದವರು ಬಹಳ ಮಂದಿ. ಮೇ 12ರಂದು ವನ್ನಾಕ್ರೈ ಎಂಬ ಪಿಡುಗು ಅದೇ ಬಿರುಕಿನಿಂದ ನುಗ್ಗಿ, ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು 300 ಡಾಲರು ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಮದ್ದು ಕೈಗೆ ಬಂದು ಎರಡು ತಿಂಗಳಾಗಿತ್ತು ಎಂಬುದನ್ನು ಗಮನಿಸಬೇಕು.

ದೂರು ಸುಳ್ಳಲ್ಲ

ಹಾಗೆಂದು ಕಂಪೆನಿಗಳು ಮಾಡಿದ್ದೆಲ್ಲ ಸರಿ, ನಮ್ಮ ಗೊಣಗಾಟ ಅಜ್ಞಾನ ಎಂದು ಯಾರೂ ಭಾವಿಸಬೇಕಾಗಿಲ್ಲ. ವಿಂಡೋಸ್ 10 ಎಂಬ ಆವೃತ್ತಿ 2015ರ ಜುಲೈ 29ರಂದು ಹೊರಬಂದಾಗ, ಮನೆ ಬಳಕೆಯ ಹೋಮ್ ಆವೃತ್ತಿಯವರಿಗೆ ಅಪ್‌ಡೇಟ್ ಬೇಡವೆನ್ನುವ ಅವಕಾಶವನ್ನೇ ಇಡಲಿಲ್ಲ. 2016ರಲ್ಲಿ ಹಳೆಯ ಆವೃತ್ತಿಯವರನ್ನು ಹೊಸದಕ್ಕೆ ಒಯ್ಯುವ ಭರದಲ್ಲಿ, ಸೂಚನೆಯ ಮೂಲೆಯ ಕತ್ತರಿ ಗುರುತು ಒತ್ತಿ ಅದನ್ನು ಮುಚ್ಚಿದವರಿಗೂ ಹೊಸ ಆವೃತ್ತಿ ಬಂದು ಕೂರುವಂತೆ ಮಾಡಿದರು. ಬಾಗಿಲು ಹಾಕಿದ್ದನ್ನೇ ಒಪ್ಪಿಗೆ ಎಂದು ತಿಳಿದಂತಾಯಿತು. ಅತಿಯಾಯಿತೆಂದು ಆ ಸಂಸ್ಥೆಯ ಹಿರಿಯ ಅಧಿಕಾರಿಯೇ ವರ್ಷದ ಕೊನೆಗೆ ಒಪ್ಪಿಕೊಂಡರು. ತನ್ನ ಕಂಪ್ಯೂಟರು ಇದರಿಂದ ಕೆಟ್ಟಿತೆಂದು ಕ್ಯಾಲಿಫೋರ್ನಿಯಾದ ಪ್ರವಾಸ ಏಜೆನ್ಸಿಯ ಒಡತಿಯೊಬ್ಬರು ಸಣ್ಣ ದಾವೆಗಳ ನ್ಯಾಯಾಲಯಕ್ಕೆ ಹೋಗಿ 10,000 ಡಾಲರು ಪಡೆದರು. ಸಂಸ್ಥೆ ತಪ್ಪನ್ನು ಒಪ್ಪದೆ ಮೇಲ್ಮನವಿಯನ್ನು ಕೈಬಿಟ್ಟಿತು.

2018ರ ಅಕ್ಟೋಬರ್ ಅಪ್‌ಡೇಟ್ ಕೆಲವರ ಫೈಲುಗಳನ್ನೇ ಅಳಿಸಿಹಾಕಿತು. ಹತ್ತು ಸಾವಿರಕ್ಕೊಂದರಂತೆ ಮಾತ್ರ ದೂರು ಬಂದಿತ್ತೆಂದು ಸಂಸ್ಥೆ ಹೇಳಿದರೂ, ಅದನ್ನು ಹಿಂದಕ್ಕೆ ತೆಗೆದುಕೊಂಡು ಸರಿಪಡಿಸಿ ನವೆಂಬರಿನಲ್ಲಿ ಪುನಃ ಕೊಡಬೇಕಾಯಿತು. 2024ರ ಜುಲೈ 19ರಂದಂತೂ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ಒಂದು ದೋಷಯುಕ್ತ ಫೈಲು ತಾನಾಗಿ ಇಳಿದು, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೆಲಕಚ್ಚಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸು ಕೊಟ್ಟರು.

ಆದಕಾರಣ ಹೊಡೆಯದಿದ್ದರೂ ಕಷ್ಟ, ಮಿಶ್ರಣ ಹದ ತಪ್ಪಿದ್ದನ್ನು ಹೊಡೆದರೂ ಕಷ್ಟ. ಸುಣ್ಣ ಕಡಿಮೆಯಾದ ಬೋರ್ಡೋ ಎಲೆಯನ್ನು ಸುಡುವುದಿಲ್ಲವೇ? ಅದಕ್ಕಾಗಿ ಯಾರೂ ಸಿಂಪಡಣೆಯನ್ನೇ ಬಿಟ್ಟಿಲ್ಲ. ಹದ ನೋಡಿ, ಬಿಸಿಲು ನೋಡಿ, ನಮ್ಮ ದಿನ ಗೊತ್ತುಮಾಡಿಕೊಂಡು ಹೊಡೆಯುತ್ತೇವೆ.

ಮಾಡಬೇಕಾದದ್ದು

ನಮ್ಮ ಮನೆಗಳಲ್ಲಿ ಹೆಚ್ಚಾಗಿರುವುದು ವಿಂಡೋಸ್ ಕಂಪ್ಯೂಟರುಗಳಾದ್ದರಿಂದ ಅವಕ್ಕೆ ಅನ್ವಯಿಸುವ ಕ್ರಮಗಳನ್ನು ಕೆಳಗೆ ಕೊಟ್ಟಿದೆ. ಸೆಟ್ಟಿಂಗ್ಸ್ ತೆರೆದು ವಿಂಡೋಸ್ ಅಪ್‌ಡೇಟ್ ಎಂಬಲ್ಲಿಗೆ ಹೋದರೆ ಹೆಚ್ಚಿನವು ಅಲ್ಲಿಯೇ ಸಿಗುತ್ತವೆ.

1. ಕೆಲಸದ ವೇಳೆಯನ್ನು ತಿಳಿಸಿ. ಆ್ಯಕ್ಟಿವ್ ಅವರ್ಸ್ ಎಂಬಲ್ಲಿ ಗರಿಷ್ಠ 18 ತಾಸು ಕೊಡಬಹುದು. ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದು ಎಂದು ಹಾಕಿದರೆ ಆ ಅವಧಿಯಲ್ಲಿ ಯಂತ್ರ ತಾನಾಗಿ ಆರಿ ಹೊತ್ತಿಕೊಳ್ಳುವುದನ್ನು ತಪ್ಪಿಸುತ್ತದೆ. ನಾನು ಇದೊಂದನ್ನು ಮಾಡಿದ್ದರೆ ಆ ಸಂಜೆಯ ಕಥೆ ಬೇರೆಯಾಗುತ್ತಿತ್ತು.

2. ಮುಖ್ಯ ಕೆಲಸಕ್ಕೆ ಮೊದಲು ತಡೆಹಿಡಿಯಿರಿ. ಪಾಸ್ ಅಪ್‌ಡೇಟ್ಸ್ ಎಂಬುದನ್ನು ಒತ್ತಿದರೆ ಅಪ್‌ಡೇಟ್ ನಿಲ್ಲುತ್ತದೆ. 2019ರ ಮೇ ತಿಂಗಳ ಆವೃತ್ತಿಯಲ್ಲಿ ಹೋಮ್ ಬಳಕೆದಾರರಿಗೂ ಈ ಸೌಲಭ್ಯ ಬಂತು. ಒಟ್ಟು 35 ದಿನಗಳವರೆಗೆ ಮುಂದೂಡಬಹುದು, ಆಮೇಲೆ ಹಾಕಿಕೊಳ್ಳಲೇಬೇಕು. ವಾರ್ಷಿಕ ಸಭೆ, ತೆರಿಗೆ, ವಿಮೆಯ ಕೊನೆಯ ದಿನಗಳ ವಾರದಲ್ಲಿ ಇದನ್ನು ಮರೆಯಬಾರದು.

3. ನಿಮ್ಮದೇ ಒಂದು ದಿನ ಗೊತ್ತುಮಾಡಿ. ಮೈಕ್ರೋಸಾಫ್ಟ್ ತಿಂಗಳ ಮುಖ್ಯ ಅಪ್‌ಡೇಟನ್ನು ಎರಡನೆಯ ಮಂಗಳವಾರ ಬಿಡುತ್ತದೆ. 2003ರಿಂದ ನಡೆದು ಬಂದ ಪದ್ಧತಿ ಇದು. ನಮ್ಮಲ್ಲಿ ಆಗ ರಾತ್ರಿಯಾಗಿರುವುದರಿಂದ ಬುಧವಾರ ಬೆಳಿಗ್ಗೆ ಕಂಪ್ಯೂಟರು ತೆರೆದವರಿಗೆ ಕಾಟ. ನಾನು ನಾಲ್ಕೈದು ದಿನ ಬಿಟ್ಟು ಬರುವ ಭಾನುವಾರ ಹಾಕಿಕೊಳ್ಳುತ್ತೇನೆ. ದೋಷವೇನಾದರೂ ಇದ್ದರೆ ಅಷ್ಟರಲ್ಲಿ ಸುದ್ದಿಯಾಗಿರುತ್ತದೆ. ಕೆಲಸ ಮುಗಿಸಿ ಅಪ್‌ಡೇಟ್ ಆ್ಯಂಡ್ ಶಟ್ ಡೌನ್ ಒತ್ತಿ ಊಟಕ್ಕೆ ಏಳಬಹುದು. ಒಂದು ತಿಂಗಳಿಗಿಂತ ಹೆಚ್ಚು ಮುಂದೆ ಹಾಕುವುದು ಮಾತ್ರ ಸಲ್ಲದು.

4. ಮೊಬೈಲಿನಿಂದ ಇಂಟರ್‌ನೆಟ್ ಕೊಡುವವರು ಆ ಸಂಪರ್ಕವನ್ನು ಮೀಟರ್ಡ್ ಕನೆಕ್ಷನ್ ಎಂದು ಗುರುತು ಮಾಡಿಡಬೇಕು. ಇಲ್ಲವಾದರೆ ದಿನದ ಡೇಟಾ ಎಲ್ಲ ಅಪ್‌ಡೇಟಿಗೇ ಹೋಗಿ, ಮಗುವಿನ ಪಾಠಕ್ಕೆ ಉಳಿಯುವುದಿಲ್ಲ. ಹೀಗೆ ಗುರುತಿಸಿದವರು ತಿಂಗಳಿಗೊಮ್ಮೆ ಒಳ್ಳೆಯ ಸಂಪರ್ಕವಿರುವಲ್ಲಿಗೆ ಒಯ್ದು ಹಾಕಿಕೊಳ್ಳಬೇಕು. ಮನೆಯಲ್ಲಿ ಎರಡು ಕಂಪ್ಯೂಟರುಗಳಿದ್ದರೆ, ಒಂದು ಇಳಿಸಿಕೊಂಡದ್ದನ್ನು ಇನ್ನೊಂದಕ್ಕೆ ಹಂಚುವ ಡೆಲಿವರಿ ಆಪ್ಟಿಮೈಸೇಶನ್ ಎಂಬ ಏರ್ಪಾಡೂ ಇದೆ.

5. ಕರೆಂಟು ನೋಡಿಕೊಳ್ಳಿ. ಅರ್ಧದಲ್ಲಿ ಕರೆಂಟು ಹೋಗುವುದೇ ನಮ್ಮ ಕಡೆಯ ದೊಡ್ಡ ಅಪಾಯ. ಗುಡುಗು ಮಿಂಚಿನ ದಿನ ಅಪ್‌ಡೇಟಿಗೆ ಕೈಹಾಕಬೇಡಿ. ಲ್ಯಾಪ್‌ಟಾಪಿನ ಬ್ಯಾಟರಿ ಪೂರ್ತಿ ತುಂಬಿರಲಿ. ಶೇಕಡಾವಾರು ಅಂಕಿ ಹಂದಾಡದಿದ್ದರೂ ಆತುರದಿಂದ ಸ್ವಿಚ್ಚು ಒತ್ತದೆ ತಾಳ್ಮೆಯಿಂದ ಕಾಯಬೇಕು. ಹಳೆಯ ಹಾರ್ಡ್ ಡಿಸ್ಕಿನ ಯಂತ್ರಗಳಿಗೆ ಕೆಲವೊಮ್ಮೆ ತಾಸುಗಟ್ಟಲೆ ಬೇಕು.

6. ನಕಲು ಇಡಿ. ಲೆಕ್ಕದ ಫೈಲುಗಳನ್ನು ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ತೆಗೆದು, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ಬೀರುವಿನಲ್ಲಿಡಬೇಕು. ಸದಾ ಚುಚ್ಚಿಯೇ ಇಟ್ಟರೆ ವನ್ನಾಕ್ರೈನಂಥದ್ದು ಬಂದಾಗ ಅಸಲು, ನಕಲು ಎರಡೂ ಹೋಗುತ್ತವೆ. ಬರೆಯುತ್ತಿರುವುದನ್ನು ಹತ್ತು ನಿಮಿಷಕ್ಕೊಮ್ಮೆ ಉಳಿಸುವುದು ಅಭ್ಯಾಸವಾಗಲಿ.

7. ಅಪ್‌ಡೇಟ್ ಆದ ಮೇಲೆ ಪ್ರಿಂಟರು ನಿಂತರೆ ಅಥವಾ ಯಂತ್ರ ಮೊಂಡು ಹಿಡಿದರೆ ಗಾಬರಿ ಬೇಡ. ಅಪ್‌ಡೇಟ್ ಹಿಸ್ಟರಿಯಲ್ಲಿ ಅನ್‌ಇನ್‌ಸ್ಟಾಲ್ ಎಂಬ ದಾರಿಯಿದೆ. ಹೊಸ ಆವೃತ್ತಿಯೇ ಬಂದಿದ್ದರೆ ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಹಿಂದಿನದಕ್ಕೆ ಮರಳಬಹುದು.

8. ನಕಲಿ ಅಪ್‌ಡೇಟಿನ ಬಗ್ಗೆ ಎಚ್ಚರ. ಯಾವುದೋ ಪುಟ ನೋಡುತ್ತಿರುವಾಗ ನಿಮ್ಮ ಯಂತ್ರಕ್ಕೆ ಅಪ್‌ಡೇಟ್ ಬೇಕು, ಇಲ್ಲಿ ಒತ್ತಿ ಎಂದು ಬಂದರೆ ಒತ್ತಬೇಡಿ. ಕಂಪೆನಿಯಿಂದ ಎಂದು ಫೋನು ಮಾಡುವವರನ್ನೂ ನಂಬಬೇಡಿ. ನಿಜವಾದ ಅಪ್‌ಡೇಟ್ ಸೆಟ್ಟಿಂಗ್ಸ್ ಒಳಗೇ ಕಾಣುತ್ತದೆ.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರಿಗೆ ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟ್ ಕೊಡುವುದಾಗಿ ಸಂಸ್ಥೆ ಪ್ರಕಟಿಸಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸಾಧನ ಮತ್ತು ಸಾಕಷ್ಟು ಹೊಸ ಪ್ರೊಸೆಸರು ಬೇಕಾದ್ದರಿಂದ ಹಳೆಯ ಯಂತ್ರಗಳು ಅದಕ್ಕೆ ಒಗ್ಗುವುದಿಲ್ಲ. ಕಾಟ ತಪ್ಪಿತೆಂದು ಸಂತೋಷಪಡುವವರು, ತಮ್ಮ ತೋಟಕ್ಕೆ ಔಷಧಿ ಸರಬರಾಜು ನಿಂತಿದೆ ಎಂಬುದನ್ನು ತಿಳಿಯಬೇಕು. ಅಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡದಿರುವುದು ಕ್ಷೇಮ. ಹಳೆಯ ಯಂತ್ರಕ್ಕೆ ಉಚಿತವಾದ ಲಿನಕ್ಸ್ ಹಾಕಿಸಿ ಇನ್ನೂ ಕೆಲವು ವರ್ಷ ದುಡಿಸಲೂಬಹುದು. ಅಲ್ಲಿಯೂ ಅಪ್‌ಡೇಟ್ ಉಂಟು, ಆದರೆ ಯಾವಾಗ ಎಂಬುದು ಹೆಚ್ಚಾಗಿ ನಮ್ಮ ಕೈಯಲ್ಲಿರುತ್ತದೆ.

ಕಡೆಯದಾಗಿ, ನಾನು ಕಲಿತ ಪಾಠ ಕಂಪ್ಯೂಟರಿನದ್ದಲ್ಲ. ಯಂತ್ರ ಆ ಸಂಜೆ ಎರಡು ತಾಸು ತಿಂದದ್ದು ನಿಜ. ಆದರೆ ಹತ್ತೊಂಬತ್ತು ಜನರ ಕಾಗದಗಳನ್ನು ಕೊನೆಯ ದಿನದವರೆಗೆ ಇಟ್ಟುಕೊಂಡವನು ನಾನು. ಅಂದಿನಿಂದ ನಮ್ಮ ಸಂಘದಲ್ಲಿ, ಯಾವುದೇ ಅರ್ಜಿಯ ಕೊನೆಯ ದಿನಕ್ಕೆ ಮೂರು ದಿನ ಮೊದಲೇ ನಮ್ಮ ಕೊನೆಯ ದಿನ ಎಂದು ಗೊತ್ತುಪಡಿಸಿದ್ದೇವೆ. ಸದಸ್ಯರೂ ಪಹಣಿ, ಬ್ಯಾಂಕು ಪುಸ್ತಕದ ನಕಲುಗಳನ್ನು ಅಷ್ಟರೊಳಗೆ ತಲುಪಿಸಿ ಸಹಕರಿಸಬೇಕಾಗಿ ವಿನಂತಿ. ಅಂದು ತಪ್ಪಿಹೋದ ಆ ಹಿರಿಯರು ಈಗ ಪ್ರತಿ ವರ್ಷ ಮೊದಲು ಕಾಗದ ತಂದುಕೊಡುತ್ತಾರೆ. ಅವರ ಹೆಸರನ್ನೇ ನಾನು ಮೊದಲು ಬರೆಯುತ್ತೇನೆ, ಬರೆದ ಕೂಡಲೇ ಉಳಿಸುತ್ತೇನೆ.