ಖಾರದ ಬಾಗಿಲು ಸಿಕ್ಕ ಬಗೆ

ವಿಜಯಪುರದ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿಯ ಪಕ್ಕ ಎಣ್ಣೆಯಲ್ಲಿ ಬಾಡಿಸಿ ಉಪ್ಪು ಹಚ್ಚಿದ ಹಸಿಮೆಣಸಿನಕಾಯಿ ಬಂದು ಕೂರುತ್ತದೆ. ಒಂದು ಕಾಯಿ ಸಪ್ಪಗಿತ್ತೆಂದು ಧೈರ್ಯದಿಂದ ಎರಡನೆಯದನ್ನು ಕಡಿದರೆ ಕಣ್ಣಲ್ಲಿ ನೀರು. ಸ್ಪೇನಿನ ಗಲೀಸಿಯಾ ಸೀಮೆಯ ಪಾದ್ರೋನ್ ಎಂಬ ಊರಿನಲ್ಲೂ ಇದೇ ಆಟ. ಅಲ್ಲಿ ಬೆರಳುದ್ದದ ಹಸಿರು ಕಾಯಿಗಳನ್ನು ಆಲಿವ್ ಎಣ್ಣೆಯಲ್ಲಿ ಬೊಬ್ಬೆ ಏಳುವವರೆಗೆ ಹೊರಳಿಸಿ, ಹರಳುಪ್ಪು ಉದುರಿಸಿ, ಊಟಕ್ಕೆ ಮೊದಲು ತಿನ್ನುತ್ತಾರೆ. ಹೆಚ್ಚಿನವು ಸೌಮ್ಯ, ಯಾವುದೋ ಒಂದು ಮಾತ್ರ ವಿಪರೀತ ಖಾರ. ಈ ಬೀಜವನ್ನು ಎರ್ಬೋನ್ ಮಠದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಮೆಕ್ಸಿಕೊದಿಂದ ತಂದು ಬೆಳೆಸಿದರೆಂದು ಅಲ್ಲಿನವರು ಹೇಳುತ್ತಾರೆ.

ನಮ್ಮ ಕಡೆಗೆ ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. 1510ರಲ್ಲಿ ಅವರ ನಾಯಕ ಅಲ್ಬುಕರ್ಕ್ ಗೋವೆಯನ್ನು ಕಿತ್ತುಕೊಂಡದ್ದು ಇದೇ ವಿಜಯಪುರದ, ಅಂದರೆ ಅಂದಿನ ಬಿಜಾಪುರದ, ಆದಿಲ್‌ಶಾಹಿಗಳಿಂದಲೇ. ಕೈತಪ್ಪಿದ ಆ ಬಂದರಿಗೆ ಬಂದಿಳಿದ ಕಾಯಿ, ಘಟ್ಟ ಹತ್ತಿ ಬಂದು ಕಾಳುಮೆಣಸು, ಹಿಪ್ಪಲಿಗಳ ಜಾಗ ಹಿಡಿಯಿತು.

ಅದರೊಳಗಿನ ಖಾರ ಏನೆಂಬುದು ತಿಳಿಯಲು ಮಾತ್ರ ಬಹಳ ಕಾಲ ಹಿಡಿಯಿತು. 1876ರಲ್ಲಿ ಇಂಗ್ಲೆಂಡಿನ ಜಾನ್ ಥ್ರೆಶ್ ಅದನ್ನು ಹರಳಾಗಿ ಬೇರ್ಪಡಿಸಿ ಕ್ಯಾಪ್ಸೈಸಿನ್ ಎಂದು ಹೆಸರಿಟ್ಟ. ಆದರೆ ಅದು ನಮ್ಮ ಮೈಯಲ್ಲಿ ತಟ್ಟುವುದೆಲ್ಲಿ? ಉತ್ತರ ಸಿಕ್ಕಿದ್ದು 1997ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯದಲ್ಲಿ. ಮೈಕೇಲ್ ಕ್ಯಾಟರೀನಾ ಮತ್ತು ಸಂಗಡಿಗರು ನೋವನ್ನು ಅರಿಯುವ ಇಲಿಯ ನರಕೋಶಗಳ ಜೀನುಗಳನ್ನು ಗುಂಪುಗುಂಪಾಗಿ, ಖಾರವೇ ಗೊತ್ತಿಲ್ಲದ ಮೂತ್ರಪಿಂಡದ ಕೋಶಗಳಿಗೆ ಸೇರಿಸಿದರು. ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿದರೆ ಬೆಳಗುವ ಬಣ್ಣವನ್ನೂ ಹಾಕಿಟ್ಟಿದ್ದರು. ಮೇಲಿಂದ ಕ್ಯಾಪ್ಸೈಸಿನ್ ಸುರಿದು ನೋಡಿದರೆ ಗುಂಪಿನ ಮೇಲೆ ಗುಂಪು ಸುಮ್ಮನೆ. ಕೊನೆಗೆ ಒಂದರಲ್ಲಿ ಕೆಲವೇ ಕೋಶಗಳು ಬೆಳಗಿದವು. ಆ ಗುಂಪನ್ನು ಒಡೆದು, ಮತ್ತೆ ಒಡೆದು, ಒಂದೇ ಜೀನಿಗೆ ಬಂದು ಮುಟ್ಟಿದರು. ನರದ ಗೋಡೆಯಲ್ಲಿ ಖಾರಕ್ಕೆ ತೆರೆಯುವ ಬಾಗಿಲನ್ನು ಕಟ್ಟುವ ಜೀನು ಅದು. ನನಗೆ ಮೈ ಜುಮ್ಮೆನಿಸುವುದು ಮುಂದಿನ ಹೆಜ್ಜೆ: ಖಾರ ಬಿಟ್ಟು ಬರೀ ಶಾಖ ಕೊಟ್ಟರು, ಸುಮಾರು 43 ಡಿಗ್ರಿ ದಾಟಿದಾಗ ಅದೇ ಬಾಗಿಲು ತೆರೆಯಿತು. ಮೆಣಸಿನಕಾಯಿ ಬಾಯನ್ನು ಸುಡದೆಯೇ ಸುಟ್ಟಂತೆ ನರಕ್ಕೆ ಸುದ್ದಿ ಕಳಿಸುತ್ತದೆ, ಮೈ ಬೆವರುತ್ತದೆ. ಈ ಶೋಧಕ್ಕಾಗಿ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಇನ್ನು ಒಂದು ಕಾಯಿ ಸಪ್ಪೆ, ಒಂದು ಖಾರ ಏಕೆ? ಖಾರ ಹುಟ್ಟುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಎಳೆಗಾಯಿಯಲ್ಲಿ ಅದು ಕಡಿಮೆ, ಬಲಿತಂತೆ ಏರುತ್ತದೆ. ಬಿಸಿಲು, ನೀರಡಿಕೆ ಸೇರಿದರೆ ಇನ್ನೂ ಏರಬಹುದು. ಪಾದ್ರೋನಿನವರು ಸಣ್ಣದಿರುವಾಗಲೇ ಕೊಯ್ಯುವುದು ಇದಕ್ಕೇ. ನಮ್ಮ ವಿಜಯಪುರ ಸೀಮೆಯ ತಿಕೋಟಾ, ಬಬಲೇಶ್ವರದ ಎರೆಹೊಲಗಳಲ್ಲಿ ಬಿಸಿಲಿಗೂ ನೀರಡಿಕೆಗೂ ಬರವಿಲ್ಲ. ವರ್ಷದ ಮಳೆ ಸುಮಾರು 600 ಮಿಲಿಮೀಟರ್. ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಹರಿದ ಹೊಲದಲ್ಲೂ ಒಂದೇ ಗಿಡದ ಕಾಯಿಗಳು ಒಂದೇ ವಯಸ್ಸಿನವಾಗಿರುವುದಿಲ್ಲ.

ಹಾಗಾಗಿ ಸ್ಪೇನಿನ ಬೀಜಕ್ಕೆ ಕಾಯಬೇಕಿಲ್ಲ. ಸಂತೆಯಲ್ಲಿ ಬಜ್ಜಿ ಮೆಣಸಿನಕಾಯಿಯ ರಾಶಿಯಿಂದ ಎಳೆಯ, ಸಣ್ಣ ಕಾಯಿಗಳನ್ನೇ ಆರಿಸಿ. ತೊಳೆದು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಹಸಿ ಉಳಿದರೆ ಎಣ್ಣೆ ಸಿಡಿಯುತ್ತದೆ. ತುಂಬು ಕೀಳದೆ ಹೊಟ್ಟೆಗೆ ಸಣ್ಣ ಸೀಳು ಕೊಡಿ, ಇಲ್ಲದಿದ್ದರೆ ಒಳಗಿನ ಹಬೆಗೆ ಕಾಯಿ ಒಡೆಯುತ್ತದೆ. ಶೇಂಗಾ ಎಣ್ಣೆಯೂ ನಡೆಯುತ್ತದೆ, ಆದರೆ ಈ ಸೀಮೆಯ ಕುಸುಬಿ ಎಣ್ಣೆಯೇ ಇದಕ್ಕೆ ಸರಿ ಎಂದು ನನ್ನ ಗಟ್ಟಿ ಅಭಿಪ್ರಾಯ. ಕಬ್ಬಿಣದ ಹಂಚು ಚೆನ್ನಾಗಿ ಕಾದ ಮೇಲೆ ಹಾಕಿ, ಸಿಪ್ಪೆ ಬೆಳ್ಳಗೆ ಉಬ್ಬಿ ಅಲ್ಲಲ್ಲಿ ಕಪ್ಪಾದಾಗ ಇಳಿಸಿ. ಉಪ್ಪು ಕೊನೆಗೆ. ಖಾರದ್ದೇ ಬಾಯಿಗೆ ಬಂದರೆ ತಂಬಿಗೆಗೆ ಕೈ ಹಾಕಬೇಡಿ: ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಗಟ್ಟಿ ಮೊಸರು ಪಕ್ಕದಲ್ಲಿರಲಿ.